ಧಾಪೂಬಾಯಿ, ರಾಮದುರ್ಗ

ಬೈಲಹೊಂಗಲದ ಬಾಂಡೆ ಅಂಗಡಿಯಲ್ಲಿ ಈಗ ಪಾತ್ರೆಗೆ ಹೆಸರು ಹಾಕುವ ಮಷೀನು ಬಂದಿದೆ. ಜುಂಯ್ ಎಂದು ಕಿರುಚಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿಸಿಬಿಡುತ್ತದೆ. ಮೊನ್ನೆ ಅದರ ಮುಂದೆ ನಿಂತಾಗ ನನ್ನ ಕಿವಿ ಬೇರೆಯೇ ಸದ್ದನ್ನು ಹುಡುಕುತ್ತಿತ್ತು: ಟಿಕ್, ಟಿಕ್, ನಡುವೆ ಒಂದು ಉಸಿರು, ಮತ್ತೆ ಟಿಕ್. ಆ ಸದ್ದಿನ ಬೆನ್ನಿಗೇ ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆಯ ಖಾರ ವಾಸನೆ ಬಂತು, ಅದರ ಬೆನ್ನಿಗೆ ನಮ್ಮ ಬಾಪು ಬಂದರು.

ಬಾಪು ಎಂದರೆ ನಮ್ಮಪ್ಪ. ಮಾರವಾಡದ ಯಾವುದೋ ಮರಳಿನ ಊರಿನಿಂದ ರಾಮದುರ್ಗಕ್ಕೆ ಬಂದು, ಓಣಿಯ ಬೇವಿನ ಮರದ ಕೆಳಗೆ ತಿದಿ ಹೂಡಿ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹೊಸ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುವುದೂ ಅವರದೇ ಕೆಲಸ. ತಮಾಷೆಯೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಶಾಲೆಯಿಂದ ಬಂದು ಪಾತ್ರೆಯ ಕಂಠದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಡಬೇಕು, ಅವರು ಅದರ ಮೇಲೆ ಚುಕ್ಕಿ ಇಡಬೇಕು. ಮೊದಲು ಕೊಟ್ಟವರ ಹೆಸರು, ಮುಂದೆ ಊರು. ರಾಮದುರ್ಗದ ಅರ್ಧ ಮದುವೆಗಳ ಬಾಂಡೆಯ ಮೇಲೆ ನನ್ನ ಡೊಂಕು ಅಕ್ಷರಗಳಿವೆ. ಆ ಸೊಕ್ಕು ನನಗೆ ಇಂದಿಗೂ ಇಳಿದಿಲ್ಲ.

ಜೀಜಿಯ, ಅಂದರೆ ಅಕ್ಕನ, ಮದುವೆ ನಿಶ್ಚಯವಾದದ್ದು ಸವದತ್ತಿಯ ಮನೆಗೆ. ಅವರೂ ಮಾರವಾಡದವರೇ, ನಮಗಿಂತ ಮೊದಲೇ ಬಂದು ದೊಡ್ಡ ಬಳಗ ಕಟ್ಟಿಕೊಂಡವರು. ವರನ ಅಜ್ಜಿ ಹೆಣ್ಣು ನೋಡಲು ಬಂದಾಗಲೇ ಅಂದಿದ್ದಳು: “ಬಳಗ ಇಲ್ಲದ ಮನಿ ಹೆಣ್ಣ ತಂದ್ರ ನಾಳೆ ಕಷ್ಟಕ್ಕ ಯಾರು ಬರತಾರ?” ಮದುವೆಯ ಹಿಂದಿನ ದಿನ ಬಂಧುಗಳು ಕೊಟ್ಟ ಬಾಂಡೆ ಹರವಿ, ಬೀಗರ ಮುಂದೆ ಹೆಸರು ಓದುವ ಪದ್ಧತಿ. ನಮಗೆ ಯಾರಿದ್ದರು? ತಾಯಿಗೆ ಊಟ ಸೇರದಾಯಿತು.

ಒಂದು ಮಧ್ಯಾಹ್ನ ಬಾಪು ತಾವೇ ಕೊಂಡು ತಂದ ಮೂರು ಪಾತ್ರೆ ಮುಂದಿಟ್ಟುಕೊಂಡು, “ಬರಿ ಮಗಳ,” ಎಂದರು. ಹೀರಾರಾಮ. ಗೋಮತಿ. ಮೂರನೆಯದಾದ ಕೊಡವನ್ನು ಮಡಿಲಿಗೆ ಎಳೆದುಕೊಂಡು, ಧಾಪೂಬಾಯಿ. ಯಾರಿವರು ಎಂದು ಕೇಳಿದೆ. “ನಮ್ಮ ಕಾಕಾ, ಕಾಕು. ಧಾಪು ನನ್ನ ತಂಗಿ. ಜ್ವರ ಬಂದ ವರ್ಷ ಎಲ್ಲಾರೂ ಹೋದ್ರು. ಹೆಸರು ಖರೇನ ಅದಾವ, ಸುಳ್ಳಲ್ಲ.” ತಾಯಿ ಒಲೆಯ ಕಡೆ ಮುಖ ತಿರುಗಿಸಿದಳು. ನಾನು ಬರೆದೆ. ಹಾಳು ರೂಢಿ, ಪ್ರತಿ ಹೆಸರಿನ ಮುಂದೆ ರಾಮದುರ್ಗ ಎಂದೂ ಬರೆದುಬಿಟ್ಟೆ. ಓದಲು ಬಾರದ ಬಾಪು ಅಷ್ಟಕ್ಕೂ ಚುಕ್ಕಿ ಇಟ್ಟರು.

ಆ ತಪ್ಪು ಗೊತ್ತಾದದ್ದು ಬಾಂಡೆ ಹರವಿದ ಮೇಲೆಯೇ. ಬೀಗರ ಹುಡುಗಿ ಕೊಡ ಎತ್ತಿ ಓದಿದಳು: “ಧಾಪೂಬಾಯಿ, ರಾಮದುರ್ಗ.” ಅಜ್ಜಿ ಹುಬ್ಬೇರಿಸಿದಳು. “ಇದ ಊರಾಗ ಅದಾಳ? ಕರೀರಿ, ನೋಡೋಣು.” ಬಾಪು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟೇ ಇರಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

ಆಗ ಎದುರುಮನೆಯ ನೇಕಾರರ ಗಂಗವ್ವ, ಹೋಳಿಗೆಯ ಕಣಕ ಮೆತ್ತಿದ ಕೈಯಲ್ಲೇ ಎದ್ದು ನಿಂತಳು. “ಕರಿಯೂದು ಯಾಕ್ರೀ? ಇಲ್ಲೇ ಅದೀನಲ್ಲ. ನಾನ ಧಾಪೂಬಾಯಿ.”

ಅಜ್ಜಿ ಅವಳ ಇಳಕಲ್ಲ ಸೀರೆಯನ್ನು ಮೇಲೆ ಕೆಳಗೆ ನೋಡಿದಳು. “ನೀ ಇವನ ತಂಗಿ?”

“ಹೌದ್ರಿ. ಕಷ್ಟಕ್ಕ ಬರಾಕಿ ನಾನ.”

ಅಜ್ಜಿಗೆ ತಿಳಿಯದೇ ಇರುತ್ತದೆಯೇ? ಪರ ಊರಿನಲ್ಲಿ ಬಾಳು ಕಟ್ಟಿದ ಮುದುಕಿ ಅವಳು. ಹುಡುಗಿಯ ಕೈಯಿಂದ ಕೊಡ ಇಸಿದುಕೊಂಡು ತನ್ನ ಪಕ್ಕಕ್ಕಿಟ್ಟು, “ಮುಂದಿನ ಹೆಸರು ಓದ್ರಿ,” ಎಂದಳು. ಹೀರಾರಾಮ ಎಂದಾಗ ಮೂಲೆಮನೆಯ ಬಡಿಗೇರ ಕಾಕಾ ಕೆಮ್ಮಿ ಕೈ ಎತ್ತಿದ.

ಅಂದಿನಿಂದ ಪ್ರತಿ ನಾಗರ ಪಂಚಮಿಗೆ ಬಾಪು ಓಣಿ ದಾಟಿ ಹೋಗಿ, “ಧಾಪು, ನಡಿಯವಾ,” ಎಂದು ಗಂಗವ್ವನನ್ನು ತವರಿಗೆ ಕರೆತರುತ್ತಿದ್ದರು. ಹತ್ತು ಹೆಜ್ಜೆಯ ತವರು! ಬೇವಿನ ಮರದ ಜೋಕಾಲಿಯಲ್ಲಿ ಅವಳನ್ನು ಕೂಡಿಸಿ ತೂಗುತ್ತಿದ್ದರು. ತಲೆ ನೆರೆತ ಹೆಂಗಸು ಹುಡುಗಿಯಂತೆ ಕೇಕೆ ಹಾಕುತ್ತಿದ್ದಳು. ಬಾಪು ಮತ್ತೆಂದೂ ಮಾರವಾಡಕ್ಕೆ ಹೋಗಲಿಲ್ಲ. ಈಗ ಆ ಮರವಿಲ್ಲ, ತೂಗಿದವರಿಲ್ಲ, ತೂಗಿಸಿಕೊಂಡವಳಿಲ್ಲ.

ಮೊನ್ನೆ ನಾನು ಅಂಗಡಿಗೆ ಹೋಗಿದ್ದು ಜೀಜಿಯ ಮೊಮ್ಮಗಳ ಮದುವೆಗೆ ಕೊಡ ತರಲು. ಹೆಸರು ಹೇಳಿದೆ. ಅಂಗಡಿಯವನು ಕೇಳಿದ, “ಧಾಪೂಬಾಯಿ ಅಂದ್ರ ಯಾರ್ರಿ?”

“ನಮ್ಮ ಸ್ವಾದರತ್ತಿ. ಇಬ್ಬರಿದ್ರು.”

“ಊರು ಬ್ಯಾಡ ಬಿಡ್ರಿ, ಈಗ ಯಾರೂ ಹಾಕ್ಸೂದಿಲ್ಲ.”

“ಹಾಕಪಾ, ರಾಮದುರ್ಗ. ಇಬ್ಬರೂ ಅಲ್ಲಿಯವರ.”