ಪೆಟ್ಟಿಗೆ ಕೇಳುತ್ತಿದ್ದದ್ದು

ಹೊರದೇಶದ ಟೆಲಿಕಾಂ ಉಪಕರಣಗಳನ್ನು ಪರೀಕ್ಷೆ ಮಾಡದೆ ನಮ್ಮ ನೆಟ್‌ವರ್ಕಿಗೆ ಜೋಡಿಸಬಾರದು ಅಂತ ಸರ್ಕಾರದ ನಿಯಮವಿದೆ. ಆ ಪರೀಕ್ಷೆ ಮಾಡುವ ಲ್ಯಾಬೊಂದಕ್ಕೆ ನಾನು ಸೇರಿದ ಹೊಸತು. ದಿನಾ ಬೂದಿಗೆರೆಯಿಂದ ದೇವನಹಳ್ಳಿಗೆ ಬಸ್ಸು. ಅಪ್ಪ ಊರವರಿಗೆಲ್ಲ "ಮಗಳು ಫೋನ್ ರಿಪೇರಿ ಕಲೀತಾವ್ಳೆ" ಅಂತ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಟವರಿಗೆ ಹಾಕುವ ಪೆಟ್ಟಿಗೆಯೊಂದು ಬಂತು. ನಮ್ಮ ಹಿರಿಯ ಇಂಜಿನಿಯರ್ ಅನುಗೊಂಡನಹಳ್ಳಿ ಕಡೆಯ ರೈತರ ಮನೆಯ ಹೆಣ್ಣುಮಗಳು. ಅವರು ಅದನ್ನು ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಇರಿಸಿದರು. ಆ ಬಾಗಿಲು ಹಾಕಿದರೆ ಸಿಗ್ನಲ್ ಒಳಬರದೆ ಕೈಯಲ್ಲಿರುವ ಫೋನೂ ಸತ್ತಂತೆ.

"ಇದರಲ್ಲಿ ಯಾರೂ ಮಾತಾಡ್ತಿಲ್ಲ ಅಲ್ವಾ? ಆದ್ರೂ ಏನಾದ್ರೂ ಆಚೆ ಕಳಿಸುತ್ತಾ ನೋಡ್ತಿರು," ಅಂದರು ಮೇಡಂ.

ಸುಮ್ಮನಿರುತ್ತೆ ಅಂದುಕೊಂಡಿದ್ದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಪೆಟ್ಟಿಗೆಗೆ ಜೋಡಿಸಿದ್ದ ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಮೂಡಿತು. ಪೆಟ್ಟಿಗೆ ಬೇರೆ ದೇಶದ ಒಂದು ವಿಳಾಸಕ್ಕೆ ಏನನ್ನೋ ಕಳಿಸುತ್ತಿತ್ತು. ಉತ್ತರ ಬರದಿದ್ದಾಗ ಮತ್ತೆ ಕಳಿಸಿತು. ನಾನು ಕುರ್ಚಿ ಬಿಟ್ಟೆದ್ದೆ.

"ಮೇಡಂ, ಸಿಕ್ಕಾಕೊಂಡ್ಬಿಡ್ತು!"

"ಕೂತ್ಕೊಳಮ್ಮ. ಕಳ್ಳ ಅನ್ನೋಕ್ ಮುಂಚೆ ಏನ್ ಕೇಳ್ತಿದೆ ಅಂತ ಓದು."

ಮೂರು ದಿನ ಓದಿದೆವು. ಅಕ್ಷರ ಅಕ್ಷರ ಬಿಡಿಸಿದಾಗ ಗೊತ್ತಾಯಿತು: ಪೆಟ್ಟಿಗೆ ಟೈಮ್ ಎಷ್ಟು ಅಂತ ಕೇಳುತ್ತಿತ್ತು. ಅಷ್ಟೇ. ತಯಾರಿಸಿದವರು ಅದರೊಳಗೆ ತಮ್ಮ ದೇಶದ ಗಡಿಯಾರದ, ಅಂದರೆ ಕೇಳಿದ ಯಂತ್ರಗಳಿಗೆಲ್ಲ ಟೈಮ್ ಹೇಳುವ ಕಂಪ್ಯೂಟರಿನ, ವಿಳಾಸ ಬರೆದಿಟ್ಟಿದ್ದರು.

ನನಗೆ ನಗು ಬಂತು. ಮೇಡಂ ನಗಲಿಲ್ಲ. "ಆ ಗಡಿಯಾರ ಒಂದಿನ ಬೇಕಂತಲೇ ತಪ್ಪು ಟೈಮ್ ಹೇಳ್ತು ಅನ್ಕೋ. ಟವರ್‌ಗಳೆಲ್ಲ ಒಂದೇ ಟೈಮಿಗೆ ಕೆಲಸ ಮಾಡ್ಬೇಕು, ಆ ಲೆಕ್ಕವೇ ತಪ್ಪುತ್ತೆ. ಆಂಬುಲೆನ್ಸ್‌ಗೆ ಮಾಡಿದ ಫೋನೂ ಹೋಗ್ದೇ ಇರಬಹುದು."

ನಾನು ಆ ಪೆಟ್ಟಿಗೆಯನ್ನೇ ನೋಡುತ್ತ ಕೂತೆ. ಊರಲ್ಲಿ ಅಮ್ಮ ಒಂದು ಗುಂಡಿ ಒತ್ತಿ ತವರಿಗೆ ಮಾತಾಡುತ್ತಾಳಲ್ಲ, ಅದರ ಹಿಂದೆ ಇಂಥ ಎಷ್ಟು ಪೆಟ್ಟಿಗೆಗಳು ಒಂದೇ ಗಳಿಗೆಗೆ ಹೆಜ್ಜೆ ಹಾಕುತ್ತಿರಬೇಕು! ಅಷ್ಟು ದೊಡ್ಡದು ಇಷ್ಟು ಸಣ್ಣ ಪ್ರಶ್ನೆಯ ಮೇಲೆ ನಿಂತಿದೆ ಅಂತ ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಮೇಡಂ ವರದಿ ಬರೆದರು. ಕಂಪನಿಯವರು ವಿಳಾಸ ಬದಲಿಸಿ ಪೆಟ್ಟಿಗೆಯನ್ನು ಮತ್ತೆ ಕಳಿಸಿದರು. ಈ ಸಲ ನಮ್ಮ ದೇಶದ ಗಡಿಯಾರಕ್ಕೆ ಒಂದೇ ಒಂದು ತಂತಿ ಕೊಟ್ಟೆವು. ಪೆಟ್ಟಿಗೆ ಕೇಳಿತು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು.

"ಬಂತು ನೋಡು," ಅಂದರು ಮೇಡಂ, ಪಿಸುದನಿಯಲ್ಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವರು, ನನ್ನ ಹಾಗೇ ಪರದೆಗೆ ಮುಖ ತಾಗುವಷ್ಟು ಬಗ್ಗಿದ್ದರು.