ಕೈ ಮಾತ್ರ ಕಾಣುವ ಕ್ಯಾಮರಾ

ಇದನ್ನು ಹೇಳದೆ ದಿನ ತಳ್ಳುತ್ತಾ ಬಂದೆ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಕಡಬದ ಬಸ್ಸಿನ ಕಿಟಕಿಯೊಳಗೆ ಕೈ ಹಾಕಿ, ಸೀಟು ಹಿಡಿಯಲು ಯಾರೋ ಇಟ್ಟಿದ್ದ ಕರ್ಚೀಫನ್ನು ಕೆಳಗೆ ಬೀಳಿಸಿ ನನ್ನ ಹೆಗಲ ಮೇಲಿನ ಬೈರಾಸು ಹಾಸಿದೆ. ಹತ್ತಿ ಕೂತಾಗ ಪಕ್ಕದ ಹುಡುಗಿಯ ಕೊರಳಲ್ಲಿ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಕ್ಯಾಮರಾ ತೂಗುತ್ತಿತ್ತು.

“ಇದೆಂತ ಮಗಾ?”

“ಇದರಲ್ಲಿ ಬಂದದ್ದನ್ನು ನೋಡಿ ಚಿತ್ರ ಬಿಡಿಸುದು ಅಜ್ಜ. ಮುಖ ಬೇಡ, ಜನರ ಕೈ ಮಾತ್ರ.”

ಮೊಬೈಲಿನಲ್ಲಿ ತೋರಿಸಿದಳು. ಎಲೆಗೆ ಸುಣ್ಣ ಹಚ್ಚುವ ಕೈ, ಮಲ್ಲಿಗೆ ಕಟ್ಟುವ ಕೈ, ಕೊನೆಗೆ ಕರ್ಚೀಫು ಬೀಳಿಸುವ ನನ್ನ ಕೈ.

“ಇದನ್ನು ಬಿಡಿಸ್ಲಾ?” ಎಂದು ನಕ್ಕಳು.

ಅಷ್ಟರಲ್ಲಿ ಮಂಡಿನೋವಿನ ಹೆಂಗಸೊಬ್ಬರು ಕುಂಟುತ್ತಾ ಬಂದರು. “ಇಲ್ಲಿ ನನ್ನ ಕರ್ಚೀಫು ಇತ್ತಲ್ಲ, ಕಂಡಿರಾ ಅಣ್ಣ?”

“ಇಲ್ಲಪ್ಪ,” ಎಂದೆ. ಹುಡುಗಿ ಮೊಬೈಲನ್ನು ಕವುಚಿ ಹಾಕಿದಳು.

ಅವರು ಕಡಬದವರೆಗೂ ನಿಂತೇ ಬಂದರು. ಇಳಿಯುವಾಗಲೂ ತಪ್ಪಾಯಿತೆಂದು ನಾನು ಹೇಳಲಿಲ್ಲ. ಅವರು ನನಗೆ ಗುರುತಿನವರೇ, ಕೋಡಿಂಬಾಳದ ಪದ್ಮಕ್ಕ.