ಒಂಬತ್ತು ಹಲ್ಲೋ, ಹತ್ತು ಹಲ್ಲೋ

ಶಿವಮೊಗ್ಗದ ಗಾಂಧಿ ಬಜಾರಿನ ಮಹಡಿಯೊಂದರಲ್ಲಿ ಕೂತು ಇಪ್ಪತ್ತಾರು ವರ್ಷಗಳಿಂದ ಊರವರ ಬಾಯಿ ತೆರೆಸಿ ಹಲ್ಲು ನೋಡುತ್ತಿರುವ ನಾನು, ಬಾಯಿಯೇ ಇಲ್ಲದ ಹಲ್ಲುಗಳಿಗಾಗಿ ತಲೆ ಕೆಡಿಸಿಕೊಳ್ಳುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಂತು ನೋಡಿ. ಹೋದ ವರ್ಷ ಒಂದು ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಿಂದ ಬಸ್ಸು ಹಿಡಿದು ಬಂದ ಸೆಲ್ವರಾಜ್ ಎಂಬ ಹಿರಿಯರು ದವಡೆಹಲ್ಲಿನ ತೂತು ತುಂಬಿಸಿಕೊಂಡು ಎದ್ದವರೇ, ಜೇಬಿನಿಂದ ಕಡಲೆಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ಚಕ್ರವೊಂದನ್ನು ತೆಗೆದು ನನ್ನ ಸ್ಟೀಲ್ ಟ್ರೇ ಮೇಲಿಟ್ಟು, ಇದರದ್ದೂ ಒಂದು ಹಲ್ಲು ಮುರಿದಿದೆಯೇ ನಿಮ್ಮ ಭೂತಗನ್ನಡಿಯಲ್ಲಿ ನೋಡಿಕೊಡಿ ಎಂದರು. ನೋಡಿದೆ. ಹತ್ತು ಹಲ್ಲು, ಒಂದೂ ಹುಳುಕಿಲ್ಲ. ಅಷ್ಟು ಆರೋಗ್ಯವಂತ ರೋಗಿಯನ್ನು ನಾನು ಆ ತಿಂಗಳಲ್ಲಿ ಕಂಡಿರಲಿಲ್ಲ.

ಕಾರ್ಖಾನೆಯಲ್ಲಿ ಲೇತಿನ ಮೇಲೆ ಲೋಹ ಕಡೆಯುವ ಟರ್ನರ್ ಆಗಿ ನಿವೃತ್ತರಾದ ಸೆಲ್ವಣ್ಣ ಮನೆಯ ಹಿಂದಿನ ಶೆಡ್ಡಿನಲ್ಲಿ ಹಲಗೆ ಜೋಡಿಸಿ ಸ್ಲಾಟ್ ಕಾರಿನ ಟ್ರ್ಯಾಕ್ ಕಟ್ಟಿದ್ದರು. ಹಲಗೆಯಲ್ಲಿ ಕೊರೆದ ಸಣ್ಣ ಗೀರಿನೊಳಗೆ ಮೂಗು ತೂರಿಸಿಕೊಂಡು, ಗೀರಿನ ಎರಡು ಬದಿಯ ತಾಮ್ರದ ಪಟ್ಟಿಯಿಂದ ಕರೆಂಟು ಹೀರಿಕೊಂಡು, ಗೇಣುದ್ದವೂ ಇಲ್ಲದ ಕಾರುಗಳು ಓಡುತ್ತವೆ. ನಮ್ಮ ಕೈಯಲ್ಲಿರುವುದು ವೇಗ ಹೆಚ್ಚು ಕಡಿಮೆ ಮಾಡುವ, ಬಂದೂಕಿಗಿರುವಂಥ ಒಂದು ಕುದುರೆ ಮಾತ್ರ. ಆ ಭಾನುವಾರವೇ ನೋಡಲು ಹೋದೆ. ಕುದುರೆ ಒತ್ತಿದೆ. ಕಾರು ಮೊದಲ ತಿರುವಿನಲ್ಲೇ ಗೀರು ಬಿಟ್ಟು ಹಾರಿ ಸೆಲ್ವಣ್ಣನ ಚಹಾ ಲೋಟಕ್ಕೆ ಬಡಿಯಿತು. ಐವತ್ತೆರಡರ ಹೆಂಗಸು, ನಾಚಿಕೆ ಬಿಟ್ಟು, ಇನ್ನೊಂದು ಸಲ ಎಂದು ಕೇಳಿದೆ.

ಹುಚ್ಚು ಹಿಡಿದದ್ದು ಅಲ್ಲಿಂದ. ಮೋಟಾರಿನ ತುದಿಯ ಪುಟ್ಟ ಚಕ್ರ, ಹಿಂದಿನ ಅಚ್ಚಿನ ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸುತ್ತದೆ. ದೊಡ್ಡದಕ್ಕೆ ಇಪ್ಪತ್ತೇಳು ಹಲ್ಲು. ಪುಟ್ಟದಕ್ಕೆ ಒಂಬತ್ತಿದ್ದರೆ ಮೋಟಾರು ಮೂರು ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು. ಕಾರು ಚಂಗನೆ ಜಿಗಿಯುತ್ತದೆ, ತಿರುವಿನಲ್ಲಿ ಚೆನ್ನಾಗಿ ತಡೆಯುತ್ತದೆ, ಆದರೆ ನೇರ ದಾರಿಯಲ್ಲಿ ಬೇಗ ದಣಿಯುತ್ತದೆ. ಹತ್ತಿದ್ದರೆ ಏಳುವುದು ನಿಧಾನ, ಎದ್ದ ಮೇಲೆ ಹಿಡಿಯಲಾಗದು. ನವುಲೆಯ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಾ ನಾನು ಇಪ್ಪತ್ತೇಳನ್ನು ಭಾಗಿಸುತ್ತಿದ್ದರೆ, ನಮ್ಮೆಜಮಾನರು ತಟ್ಟೆಯ ಮುಂದೆ ಕೂತು ಶೇಷ ಎಷ್ಟು ಉಳಿಯಿತೆಂದು ಕೇಳುತ್ತಿದ್ದರು. ಶೇಷ ಉಳಿಯುತ್ತಿದ್ದದ್ದು ಸಾಮಾನ್ಯವಾಗಿ ಸೀದ ದೋಸೆ.

ಶಿವಮೊಗ್ಗ, ಭದ್ರಾವತಿ ಎರಡೂ ಊರಿನವರು ಅದೇ ಶೆಡ್ಡಿನಲ್ಲಿ ಇಟ್ಟುಕೊಂಡ ಪಂದ್ಯಕ್ಕೆ ಸೆಲ್ವಣ್ಣ ತಮ್ಮ ಕಾರನ್ನು ನನಗೇ ಕೊಟ್ಟರು. ವಯಸ್ಸಾಯಿತು, ನೀವೇ ಓಡಿಸಿ ಎಂದಷ್ಟೇ ಕಾರಣ. ಆದರೆ ಚಕ್ರ ಮಾತ್ರ ಹತ್ತರದ್ದೇ ಇರಬೇಕೆಂದು ಹಟ. ಅವರ ಟ್ರ್ಯಾಕಿನಲ್ಲಿ ತಿರುವುಗಳೇ ಹೆಚ್ಚು, ಒಂಬತ್ತೇ ಸರಿಯೆಂದು ನನ್ನ ಲೆಕ್ಕ ಹೇಳುತ್ತಿತ್ತು. ಜೀವಮಾನವಿಡೀ ಲೇತಿನ ಮುಂದೆ ನಿಂತವರಿಗೆ ಹಲ್ಲಿನ ಪಾಠ ಹೇಳಲು ನಾನ್ಯಾರು ಎಂದು ಹತ್ತರದ್ದನ್ನೇ ಹಾಕಿಕೊಂಡೆ.

ಮೊದಲ ಓಟದಲ್ಲಿ ಮೂರು ಸಲ ಹಾರಿಬಿದ್ದೆ. ನಾಲ್ವರಲ್ಲಿ ನಾಲ್ಕನೆಯವಳು. ಎರಡನೆಯ ಓಟಕ್ಕೆ ಮುಂಚೆ ಹತ್ತು ನಿಮಿಷ ಬಿಡುವು.

"ಸೆಲ್ವಣ್ಣ, ಒಂಬತ್ತು ಹಾಕ್ತೀನಿ," ಎಂದೆ.

ಅವರು ಡಬ್ಬಿ ತೆರೆದು ಒಂಬತ್ತರ ಚಕ್ರ ಎತ್ತಿಕೊಟ್ಟರು. ಅದು ನನ್ನ ಅಂಗೈ ಸೇರಲಿಲ್ಲ. ಅವರ ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿತು. ಆಗ ಆ ಬೆರಳುಗಳನ್ನು ನೋಡಿದೆ. ಸಣ್ಣಗೆ, ಬಿಡದೆ, ನಡುಗುತ್ತಿದ್ದವು. ಇಷ್ಟು ದಿನ ಅವರ ಹಲ್ಲನ್ನು ನೋಡಿದ್ದೆ, ಚಕ್ರದ ಹಲ್ಲನ್ನು ನೋಡಿದ್ದೆ, ಕೈ ನೋಡಿರಲಿಲ್ಲ.

"ಹತ್ತು ಟ್ರ್ಯಾಕಿಗಲ್ಲ ಡಾಕ್ಟ್ರಮ್ಮ, ನನ್ ಕೈಗೆ," ಎಂದರು ಮೆಲ್ಲಗೆ. "ಒಂಬತ್ತು ಹಾಕಿದ್ರೆ ಬೆರಳು ಚೂರು ಅಲ್ಲಾಡಿದ್ರೂ ಗಾಡಿ ಎಗರುತ್ತೆ. ಹತ್ತು ಸಹಿಸ್ಕೊಳ್ಳುತ್ತೆ. ಮನೇಲೂ ಹೇಳಿಲ್ಲ ಇದನ್ನ, ಬದಲಾಯಿಸಿದ್ರೆ ಇಷ್ಟು ದಿನ ಹತ್ತು ಯಾಕೆ ಅಂತ ಕೇಳ್ತೀರಿ ಅಂತ ಹಟ ಮಾಡ್ದೆ. ನಿಮ್ ಕೈ ಗಟ್ಟಿ ಇದೆ, ನಿಮ್ಗೆ ಬೇಕಾದ್ದು ನೀವು ಹಾಕ್ಕೊಳ್ಳಿ."

ಉರುಳಿದ್ದ ಚಕ್ರವನ್ನು ಹೆಕ್ಕಿಕೊಂಡು ಕೆಲಸಕ್ಕೆ ಕೂತೆ. ಹತ್ತನ್ನು ಕಿತ್ತೆ, ಒಂಬತ್ತನ್ನು ಕೂರಿಸಿದೆ. ಎರಡು ಚಕ್ರಗಳ ಕಚ್ಚು ಬಿಗಿಯಾದರೆ ಮೋಟಾರು ಕಾಯುತ್ತದೆ, ಸಡಿಲಾದರೆ ಹಲ್ಲು ಸವೆಯುತ್ತದೆ. ಹೊಸ ಹಲ್ಲು ಕಟ್ಟಿದ ಮೇಲೆ ರೋಗಿಗೆ ಕಚ್ಚಿಸಿ ನೋಡುವ ನೀಲಿ ಕಾಗದ ನನ್ನ ಚೀಲದಲ್ಲಿ ಸದಾ ಇರುತ್ತದೆ. ಅದರ ಚೂರನ್ನು ಚಕ್ರಗಳ ನಡುವೆ ತೂರಿಸಿ ತಿರುಗಿಸಿದೆ. ಹಲ್ಲು ಹಲ್ಲಿಗೂ ಒಂದೇ ಸಮನೆ ನೀಲಿ ಗುರುತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಚೆಂದದ ಕಚ್ಚು ಯಾರ ಬಾಯಲ್ಲೂ ಕಂಡಿಲ್ಲ, ನಂಬಿ.

ಆಮೇಲೆ ಆದದ್ದನ್ನು ಹೇಳುವಾಗ ಈಗಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಒಂದು ಸಲವೂ ಬೀಳಲಿಲ್ಲ. ನೇರ ದಾರಿಯಲ್ಲಿ ಎಲ್ಲರೂ ನನ್ನನ್ನು ದಾಟಿದರು, ಪ್ರತಿ ತಿರುವಿನಲ್ಲೂ ನಾನು ಅವರನ್ನು ಹಿಡಿದೆ. ಕೊನೆಯ ಸುತ್ತಿನ ಹೊತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೆ, ಚಪ್ಪಲಿ ಎಲ್ಲೋ ಹೋಗಿತ್ತು. ನಮ್ಮೂರಿನ ಮೇಷ್ಟ್ರೊಬ್ಬರು ಅರ್ಧ ಸುತ್ತಿನಷ್ಟು ಮುಂದಿದ್ದು ಗೆದ್ದರು. ನಾನು ಎರಡನೆಯವಳು, ಆದರೆ ಗೆದ್ದವರಿಗಿಂತ ಜೋರಾಗಿ ಕುಣಿದವಳು ನಾನೇ ಎಂದು ನೋಡಿದವರು ಹೇಳುತ್ತಾರೆ.

ಗೆಳೆಯರೇ, ಸರಿಯಾದ ಅನುಪಾತ ಎಂಬುದೊಂದು ಲೆಕ್ಕದೊಳಗೆ ಅಡಗಿ ಕೂತಿರುತ್ತದೆ, ಹುಡುಕಿದವರಿಗೆ ಸಿಗುತ್ತದೆ ಎಂದುಕೊಂಡಿದ್ದೆ. ಯಾರ ಕೈ ಎಂದು ಕೇಳದೆ ಭಾಗಿಸುತ್ತಾ ಕೂತಿದ್ದೆನಲ್ಲ ಎಂದು ಈಗ ನಗು ಬರುತ್ತದೆ. ನಾನು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಒತ್ತುತ್ತದೆಂದು ದೂರು ತಂದವರಿಗೆಲ್ಲ ಅಭ್ಯಾಸ ಮಾಡಿಕೊಳ್ಳಿ ಎಂದು ಗದರಿದ್ದು ನೆನಪಾಗಿ ಸ್ವಲ್ಪ ಇರುಸುಮುರುಸೂ ಆಗುತ್ತದೆ.

ಎಲ್ಲರೂ ಕಾಫಿಗೆ ಹೊರಗೆ ಹೋದಾಗ ಒಂಬತ್ತನ್ನು ಕಿತ್ತು ಮತ್ತೆ ಹತ್ತನ್ನು ಹಾಕಿದೆ. ಕಾರನ್ನು ಗೀರಿನಲ್ಲಿಟ್ಟು, ಕುದುರೆಯನ್ನು ಸೆಲ್ವಣ್ಣನ ಕೈಗೆ ಕೊಟ್ಟು, ಬಿದ್ದರೆ ಎತ್ತಿಡೋಣವೆಂದು ತಿರುವಿನ ಬಳಿ ಹೋಗಿ ಬಗ್ಗಿ ನಿಂತೆ. ಅವರು ಒತ್ತಿದರು. ಒಂದು ಸುತ್ತು, ಎರಡು ಸುತ್ತು, ಹದಿನೈದು ಸುತ್ತು. ಅವಸರವಿಲ್ಲದೆ ಬಂದು, ನನ್ನ ಚಾಚಿದ ಕೈಯ ಪಕ್ಕದಲ್ಲೇ ಸೊಗಸಾಗಿ ತಿರುಗಿ ಹೋಗುತ್ತಿತ್ತು ಕಾರು. ಕಾಫಿ ಕುಡಿದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಬಂದು ನಿಂತರು. ನನ್ನ ಬೆನ್ನು ನೋಯತೊಡಗಿತು. ಎತ್ತಿಡುವ ಕೆಲಸ ಮಾತ್ರ ಬರಲೇ ಇಲ್ಲ.